ಹಳೆಯ ಗಣಕಗಳ ಜೀರ್ಣೋದ್ಧಾರ

ಕನ್ನಡದಲ್ಲಿ ‘ಕಡತ’ ಎಂಬ ಶಬ್ದದ ಇತಿಹಾಸವು ವಿಚಾರಾರ್ಹವಾದುದು. ಅರಿವೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ಪೂರ್ವಕಾಲದಲ್ಲಿ ಕಡತವೆಂದು ಹೆಸರಿತ್ತು. ವರ್ತಕರ ಲೆಕ್ಕವೂ ಮಠಮಾನ್ಯಗಳ ಆಯವ್ಯಯವೂ ಅದರಲ್ಲಿ ದಾಖಲಾಗುತ್ತಿದ್ದವು. ಕಾಗದವು ಸುಲಭವಾದ ಮೇಲೆ ಅರಿವೆಯ ಕಡತವು ಮರೆಯಾಯಿತು. ಹೆಸರು ಮಾತ್ರ ಉಳಿದು ಕಚೇರಿಯ ಕಾಗದದ ಕಟ್ಟಿಗೆ ಅಂಟಿಕೊಂಡಿತು. ಇಂದು ಅದೇ ಶಬ್ದವು ಗಣಕಯಂತ್ರದೊಳಗಿನ, ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ಬರಹಕ್ಕೂ ಸಲ್ಲುತ್ತಿದೆ. ಒಂದೇ ಹೆಸರು ಮೂರು ದೇಹಗಳನ್ನು ತೊಟ್ಟಿದೆ. ಮೊದಲಿನ ಎರಡು ದೇಹಗಳು ಶಿಥಿಲವಾದರೂ ಅವುಗಳನ್ನು ಓದಲು ಕಣ್ಣೊಂದೇ ಸಾಕು. ಮೂರನೆಯದನ್ನು ಓದಲು ಕಣ್ಣು ಸಾಲದು. ಅದನ್ನು ಬರೆದ ಯಂತ್ರವೇ, ಅಥವಾ ಅದಕ್ಕೆ ಸರಿಸಮನಾದ ಇನ್ನೊಂದು ಯಂತ್ರವೇ ಬೇಕು. ಈ ಒಂದು ವ್ಯತ್ಯಾಸದಿಂದ ಹುಟ್ಟುವ ಕರ್ತವ್ಯಗಳ ಕಡೆಗೆ ವಿದ್ಯಾಸಂಸ್ಥೆಗಳ ಗಮನ ಇನ್ನೂ ಸಾಕಷ್ಟು ಹರಿದಿಲ್ಲ.

ಹುಬ್ಬಳ್ಳಿ-ಧಾರವಾಡದಂಥ ವಿದ್ಯಾಕೇಂದ್ರದಲ್ಲಿ ಕಾಲು ಶತಮಾನಕ್ಕೂ ಮಿಕ್ಕಿ ಗಣಕಗಳನ್ನು ಬಳಸಿದ ಶಾಲೆಗಳು ಹಲವಿವೆ. ಅಂಥ ಶಾಲೆಯ ಉಗ್ರಾಣದ ಬಾಗಿಲು ತೆರೆದರೆ ಮುರಿದ ಬೆಂಚು, ಹಳೆಯ ಭೂಪಟ, ತಿದಿ ಹರಿದ ಹಾರ್ಮೋನಿಯಂಗಳ ನಡುವೆ ಧೂಳು ಹಿಡಿದ ಮಾನಿಟರುಗಳೂ, ಹಳದಿಗಟ್ಟಿದ ಗಣಕದ ಪೆಟ್ಟಿಗೆಗಳೂ, ದಾರ ಕಟ್ಟಿದ ಫ್ಲಾಪಿಗಳ ಕಟ್ಟುಗಳೂ ಕಾಣುವುದು ಸಹಜ. ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ಕ್ಕೆ ಮುಗಿದಿರುವುದರಿಂದ, ಇಂದಿನವರೆಗೆ ಬಳಕೆಯಲ್ಲಿದ್ದ ಯಂತ್ರಗಳೂ ಎಷ್ಟೋ ಕಡೆ ಇದೇ ಉಗ್ರಾಣದ ದಾರಿ ಹಿಡಿಯಲಿವೆ. ಉಗ್ರಾಣ ತುಂಬಿದಾಗ ಎಲ್ಲಕ್ಕಿಂತ ಹಳೆಯದು ಮೊದಲು ಗುಜರಿಯವನ ತಕ್ಕಡಿ ಏರುತ್ತದೆ. ಕೆಲವು ದಶಕಗಳ ಹಿಂದೆ ಅಚ್ಚುಮೊಳೆಗಳು ಸೀಸದ ತೂಕಕ್ಕೆ ಹೋದಂತೆ ಇವು ತಗಡಿನ ತೂಕಕ್ಕೆ ಹೋಗುತ್ತವೆ. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕರೂಢಿ. ಆದರೆ ಹಳೆಯ ನೀರಿನೊಡನೆ ಹೋಗುತ್ತಿರುವುದೇನೆಂಬುದನ್ನು ಒಮ್ಮೆ ನೋಡಿ ಬಿಡುವುದು ವಿವೇಕ. ಪ್ರತಿಯೊಂದು ಹಳೆಯ ವಿದ್ಯಾಸಂಸ್ಥೆಯೂ ತನ್ನ ಹಳೆಯ ಗಣಕಗಳಲ್ಲಿ ಒಂದೆರಡನ್ನಾದರೂ, ಅವು ಹುಟ್ಟಿದ ಕಾಲದ ಕಾರ್ಯಾಚರಣಾ ವ್ಯವಸ್ಥೆಯೊಡನೆಯೇ, ನಡೆಯುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕೆಂಬುದು ಈ ಲೇಖನದ ಪ್ರತಿಪಾದ್ಯ.

ಕಾರ್ಯಾಚರಣಾ ವ್ಯವಸ್ಥೆಯೆಂದರೆ ಯಂತ್ರಕ್ಕೂ ಅದನ್ನು ಬಳಸುವವನಿಗೂ ನಡುವೆ ನಿಂತು, ಇವನ ಮಾತನ್ನು ಅದಕ್ಕೂ ಅದರ ಉತ್ತರವನ್ನು ಇವನಿಗೂ ಮುಟ್ಟಿಸುವ ಮೂಲ ತಂತ್ರಾಂಶ. ಅದಿಲ್ಲದ ಗಣಕವು ಜಡವಾದ ಪೆಟ್ಟಿಗೆ. 1981ರಲ್ಲಿ ಬಂದ ಎಂ.ಎಸ್.-ಡಾಸ್, 1992ರ ವಿಂಡೋಸ್ 3.1, ಮುಂದಿನ ವಿಂಡೋಸ್ 95 ಮತ್ತು 98, 2001ರ ವಿಂಡೋಸ್ ಎಕ್ಸ್.ಪಿ. – ಇವು ಕನ್ನಡ ನಾಡಿನ ಶಾಲೆಗಳೂ ಮುದ್ರಣಾಲಯಗಳೂ ಒಂದರ ಮೇಲೊಂದು ಏರಿ ಬಂದ ಮೆಟ್ಟಿಲುಗಳು. ವಿಂಡೋಸ್ 98ಕ್ಕೆ ತಯಾರಕರ ಬೆಂಬಲ 2006ರಲ್ಲಿ ನಿಂತಿತು, ಎಕ್ಸ್.ಪಿ.ಗೆ 2014ರಲ್ಲಿ. ಬೆಂಬಲ ನಿಂತಿತೆಂದರೆ ಯಂತ್ರವು ಸತ್ತಿತೆಂದಲ್ಲ. ಅದರ ಯೋಗಕ್ಷೇಮವನ್ನು ಇನ್ನು ಮುಂದೆ ಬಳಸುವವನೇ ನೋಡಿಕೊಳ್ಳಬೇಕೆಂದು ಅರ್ಥ.

ಹಳೆಯ ಯಂತ್ರವನ್ನು ಏಕೆ ಉಳಿಸಬೇಕೆಂಬುದಕ್ಕೆ ಮೊದಲ ಕಾರಣವು ಕನ್ನಡ ಅಕ್ಷರಕ್ಕೇ ಸಂಬಂಧಿಸಿದ್ದು. ವಿಶ್ವದ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕ್ರಮವನ್ನು ಕಲ್ಪಿಸುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಆದರೆ ಶಾಲೆ, ಕಚೇರಿಗಳ ಸಾಮಾನ್ಯ ಗಣಕದಲ್ಲಿ ಅದು ನೆಲೆಗೊಳ್ಳಲು ಬಹುಕಾಲ ಹಿಡಿಯಿತು. ವಿಂಡೋಸ್ ವ್ಯವಸ್ಥೆಯೊಳಗೇ ‘ತುಂಗಾ’ ಎಂಬ ಕನ್ನಡದ ಅಕ್ಷರವಿನ್ಯಾಸವು ಸೇರಿ ಬಂದುದು ಎಕ್ಸ್.ಪಿ.ಯ ಕಾಲಕ್ಕೆ. ಅದಕ್ಕೂ ಹಿಂದೆ, ಅದಾದ ಮೇಲೂ ಎಷ್ಟೋ ವರ್ಷ, ಕನ್ನಡದ ಬರಹವು ಬೇರೆ ಬೇರೆ ಉಪಾಯಗಳಿಂದ ನಡೆಯಿತು.

ಒಂದನೆಯ ಉಪಾಯವು ಯಂತ್ರಾಂಶದ್ದು. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪಿತವಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಎಂಬ ಹಲಗೆಯನ್ನು ಗಣಕದೊಳಗಿನ ಸ್ಲಾಟಿನಲ್ಲಿ ಕೂರಿಸಿದರೆ, ಇಂಗ್ಲಿಷನ್ನಲ್ಲದೆ ಬೇರೇನನ್ನೂ ಅರಿಯದ ಡಾಸ್ ವ್ಯವಸ್ಥೆಯ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಆ ಬರಹದ ಸಂಕೇತವು ಇಸ್ಕಿ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಎರಡನೆಯ ಉಪಾಯವು ಅಕ್ಷರವಿನ್ಯಾಸದ್ದು. ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳ ಆರಂಭದ ಆವೃತ್ತಿಗಳು, ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ಆಕೃತಿಯ ತುಣುಕುಗಳನ್ನು ಇರಿಸಿ, ಅವನ್ನು ಜೋಡಿಸಿ ಅಕ್ಷರ ಮಾಡುತ್ತಿದ್ದವು. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಒತ್ತು – ಒಂದೊಂದಕ್ಕೂ ಒಂದೊಂದು ಮನೆ. ಅಚ್ಚುಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿದ್ದ ವ್ಯವಸ್ಥೆಯೇ ಗಣಕದೊಳಗೂ ಮುಂದುವರಿದಂತಾಯಿತು. ಈ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಅಪಾರವಾದುದು. ಅವು ಇಲ್ಲದಿದ್ದರೆ ಆ ಇಪ್ಪತ್ತು ವರ್ಷಗಳ ಕನ್ನಡ ಪುಸ್ತಕಗಳೂ ಪತ್ರಿಕೆಗಳೂ ಶಾಲಾ ಸಂಚಿಕೆಗಳೂ ಗಣಕದಿಂದ ಹೊರಬರುತ್ತಲೇ ಇರಲಿಲ್ಲ.

ಆದರೆ ಆ ಉಪಕಾರದ ಬೆನ್ನಿಗೇ ಒಂದು ತೊಡಕೂ ಇದೆ. ಅಂಥ ಕಡತವನ್ನು ಅದರ ಅಕ್ಷರವಿನ್ಯಾಸವಿಲ್ಲದ ಇಂದಿನ ಯಂತ್ರದಲ್ಲಿ ತೆರೆದರೆ ಕನ್ನಡವು ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಅರ್ಥಹೀನ ರಾಶಿಯೊಂದು ಕಾಣುತ್ತದೆ. ಒಂದೊಂದು ತಂತ್ರಾಂಶದ ಮನೆಗಳ ಹಂಚಿಕೆಯೂ ಬೇರೆಯಾಗಿರುವುದರಿಂದ ಒಂದರ ಕೀಲಿ ಇನ್ನೊಂದರ ಬೀಗಕ್ಕೆ ಹೊಂದುವುದಿಲ್ಲ. ಪರಿವರ್ತನೆಯ ಸಾಧನಗಳು ಈಗ ಉಂಟು. ಅವುಗಳಿಂದ ಬಹುಪಾಲು ಕೆಲಸ ಆಗುತ್ತದೆಂಬುದೂ ನಿಜ. ಆದರೆ ‘ಬಹುಪಾಲು’ ಎಂಬ ಮಾತಿನಿಂದ ಪಂಡಿತನಿಗೆ ತೃಪ್ತಿಯಾಗದು. ಅರ್ಕಾವೊತ್ತಿನ ಒಂದೇ ಉದಾಹರಣೆ ಸಾಕು. ‘ಕಾರ್ಯ’ ಎಂದು ನುಡಿಯುವಾಗ ರೇಫವು ಯಕಾರಕ್ಕಿಂತ ಮೊದಲು ಕೇಳುತ್ತದೆ. ಬರೆಯುವಾಗ ಅರ್ಕಾವೊತ್ತು ಯಕಾರದ ಅನಂತರ ಬರುತ್ತದೆ. ಯೂನಿಕೋಡ್ ಮತ್ತು ಇಸ್ಕಿ ಕಿವಿಗೆ ಕೇಳುವ ಕ್ರಮವನ್ನು ಹಿಡಿದರೆ, ಹಳೆಯ ಅಕ್ಷರವಿನ್ಯಾಸಗಳು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದವು. ಒಂದರಿಂದ ಇನ್ನೊಂದಕ್ಕೆ ತರುವಾಗ ರೇಫವನ್ನು ಎತ್ತಿ ಮುಂದಕ್ಕೆ ಇಡಬೇಕು. ಇಡುವಲ್ಲಿ ತಪ್ಪಿ ಅದು ಬಿದ್ದುಹೋದರೆ ‘ಕಾರ್ಯ’ವು ‘ಕಾಯ’ವಾಗುತ್ತದೆ. ಎರಡೂ ಶುದ್ಧ ಶಬ್ದಗಳೇ ಆದುದರಿಂದ ಯಂತ್ರಕ್ಕೆ ತಪ್ಪು ಗೊತ್ತಾಗುವುದಿಲ್ಲ. ಓದುಗನಿಗೆ ಸಂಶಯ ಬಂದರೂ ಮೂಲದಲ್ಲಿ ಏನಿತ್ತೆಂದು ನೋಡಲು ಮೂಲವು ಕಣ್ಣೆದುರಿಗೆ ಬೇಕಲ್ಲವೇ?

ಹಸ್ತಪ್ರತಿ ಶಾಸ್ತ್ರವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಲಿಪಿಕಾರನು ಓಲೆಯಿಂದ ಓಲೆಗೆ ಪ್ರತಿ ಮಾಡುವಾಗ ‘ಪ’ಕಾರವನ್ನು ‘ಷ’ಕಾರವೆಂದು ಭ್ರಮಿಸುವುದು, ಒತ್ತನ್ನು ಬಿಡುವುದು, ಸಾಲು ಜಾರುವುದು ಸಾಮಾನ್ಯ ದೋಷಗಳು. ಆದ್ದರಿಂದಲೇ ಸಂಪಾದಕನು ಹಲವು ಪ್ರತಿಗಳನ್ನು ಕೂಡಿಸಿ ಪಾಠಾಂತರಗಳನ್ನು ತೂಗುತ್ತಾನೆ; ಗ್ರಂಥವು ಅಚ್ಚಾದ ಮೇಲೂ ಓಲೆಯನ್ನು ಒಲೆಗೆ ಹಾಕುವುದಿಲ್ಲ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಊರೂರು ತಿರುಗಿ, ಮನೆಮಠಗಳ ಅಟ್ಟದ ಮೇಲಿದ್ದ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುದ್ರಣದ ಕಾಲ ಬಂದಿದೆ, ಓಲೆಯ ಕಾಲ ಮುಗಿದಿದೆ ಎಂದು ಆ ಮನೆಗಳವರೆಲ್ಲ ಗರಿಗಳನ್ನು ಅದಕ್ಕೂ ಮುಂಚೆಯೇ ಹೊಳೆಗೆ ಬಿಟ್ಟಿದ್ದರೆ ಹಳಕಟ್ಟಿಯವರ ತಪಸ್ಸಿಗೆ ಸಾಮಗ್ರಿಯೇ ಸಿಕ್ಕುತ್ತಿರಲಿಲ್ಲ. ಓದಲು ಬಾರದಿದ್ದರೂ ಗರಿಯ ಕಟ್ಟನ್ನು ಜಗಲಿಯ ಮೇಲಿಟ್ಟು ಕಾಯ್ದ ಅನಾಮಿಕರಿಗೆ ಕನ್ನಡ ಸಾಹಿತ್ಯವು ಎಷ್ಟು ಋಣಿಯೋ ಹಳಕಟ್ಟಿಯವರಿಗೂ ಅಷ್ಟೇ ಋಣಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಸ್ಥಾಪಿತವಾದ ಮೇಲೆ ನಡೆದ ಹಸ್ತಪ್ರತಿ ಸಂಗ್ರಹಕಾರ್ಯದ ತಳಹದಿಯೂ ಇಂಥ ಕಾಯುವಿಕೆಯೇ.

ಗಣಕದ ಕಡತವನ್ನು ಕಾಯುವುದು ಓಲೆಗರಿಯನ್ನು ಕಾಯುವುದಕ್ಕಿಂತ ಕಠಿನವೆಂಬುದಕ್ಕೆ ಇಂಗ್ಲೆಂಡಿನ ಒಂದು ನಿದರ್ಶನವುಂಟು. ಕ್ರಿ.ಶ. 1086ರಲ್ಲಿ ಅಲ್ಲಿಯ ಅರಸನು ಮಾಡಿಸಿದ ಭೂಮಿಕಾಣಿಯ ದಾಖಲೆ ‘ಡೂಮ್ಸ್‌ಡೇ’ ಪುಸ್ತಕವು ಚರ್ಮದ ಹಾಳೆಗಳ ಮೇಲೆ ಇಂದಿಗೂ ಓದಲು ಬರುವಂತೆ ಉಳಿದಿದೆ. ಅದರ 900ನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಶಾಲಾ ಮಕ್ಕಳನ್ನೂ ಒಳಗೊಂಡು ದೇಶದ ಜನರಿಂದ ಬರಹ, ಚಿತ್ರ, ಭೂಪಟಗಳನ್ನು ಸಂಗ್ರಹಿಸಿ, ಲೇಸರ್ ತಟ್ಟೆಗಳಲ್ಲಿ ತುಂಬಿ, ಬಿ.ಬಿ.ಸಿ. ಗಣಕದಲ್ಲಿ ಓದುವಂತೆ ರೂಪಿಸಿತು. ಹದಿನೈದೇ ವರ್ಷಗಳಲ್ಲಿ ಆ ತಟ್ಟೆಯನ್ನು ಓದುವ ಯಂತ್ರಗಳು ಅಪರೂಪವಾಗಿ, ಇಡೀ ಸಂಗ್ರಹವೇ ಮುಚ್ಚಿಹೋಗುವ ಭಯ ಹುಟ್ಟಿತು. ಒಂಬೈನೂರು ವರ್ಷ ಬಾಳಿದ ತೊಗಲಿನ ಮುಂದೆ ಹದಿನೈದು ವರ್ಷದ ತಟ್ಟೆ ಸೋಲುವಂತಾಯಿತು. ಅದನ್ನು ಮತ್ತೆ ಬೆಳಕಿಗೆ ತರಲು ಸಾಧ್ಯವಾದುದು ಆ ಕಾಲದ ಗಣಕಗಳನ್ನೂ ತಟ್ಟೆ ಓದುವ ಯಂತ್ರಗಳನ್ನೂ ಕೆಲವರು ಎಸೆಯದೆ ಇಟ್ಟುಕೊಂಡಿದ್ದರಿಂದ. ಹಾಗೆಯೇ 1966-67ರಲ್ಲಿ ಚಂದ್ರನನ್ನು ಸುತ್ತಿದ ಅಮೆರಿಕದ ನೌಕೆಗಳು ಕಳಿಸಿದ ಚಿತ್ರಗಳ ಮೂಲ ಟೇಪುಗಳನ್ನು ನಾಲ್ಕು ದಶಕಗಳ ಬಳಿಕ ಓದಬೇಕಾದಾಗ, ಆ ಕಾಲದ ಟೇಪು ಯಂತ್ರಗಳನ್ನೇ ರಿಪೇರಿ ಮಾಡಿ ನಡೆಸಬೇಕಾಯಿತು. 2008ರಲ್ಲಿ ಮೊದಲ ಚಿತ್ರವು ಮೊದಲಿಗಿಂತ ಸ್ಪಷ್ಟವಾಗಿ ಹೊರಬಂದಿತು.

ಡೂಮ್ಸ್‌ಡೇ ಕಥೆಯ ಗಣಕವು ಭಾರತದ ಶಾಲೆಗಳಿಗೂ ಅಪರಿಚಿತವಲ್ಲ. 1984-85ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಎಂಬ ಹೆಸರಿನ ಯೋಜನೆಯಡಿ ಸುಮಾರು 250 ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿದಾಗ ಆರಿಸಿಕೊಂಡದ್ದು ಇದೇ ಬಿ.ಬಿ.ಸಿ. ಮನೆತನದ ಗಣಕವನ್ನು. ಅದರ ನೆನಪಿನ ಶಕ್ತಿ 32 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲ್ ಫೋನಿನ ಒಂದು ಚಿತ್ರಕ್ಕೂ ಅದು ಸಾಲದು. ಅದರ ಕಾರ್ಯಾಚರಣಾ ವ್ಯವಸ್ಥೆಯು ಯಂತ್ರದೊಳಗಿನ ಚಿಪ್ಪಿನಲ್ಲಿಯೇ ಶಾಶ್ವತವಾಗಿ ಬರೆದಿಟ್ಟದ್ದು. ಗುಂಡಿ ಒತ್ತಿದ ಮರುಕ್ಷಣವೇ ಯಂತ್ರವು ಆಜ್ಞೆಗೆ ಸಿದ್ಧ. ಭಾರತದ ಶಾಲಾ ಗಣಕ ಶಿಕ್ಷಣದ ಆದಿಪರ್ವದ ಆ ಯಂತ್ರವನ್ನು ಕಣ್ಣಾರೆ ಕಾಣಬೇಕೆಂದರೆ ಇಂದಿನ ವಿದ್ಯಾರ್ಥಿಯು ಎಲ್ಲಿಗೆ ಹೋಗಬೇಕು? ಹಳೆಯ ರಾಟೆಯನ್ನೂ ಒನಕೆಯನ್ನೂ ವಸ್ತುಸಂಗ್ರಹಾಲಯದಲ್ಲಿ ಕಾಣುವ ಬಾಲಕನು ತನ್ನ ತಂದೆ ಕಲಿತ ಗಣಕವನ್ನು ಕಾಣಲಾರ.

ಇಲ್ಲಿ ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಎತ್ತಿಕೊಳ್ಳಬೇಕು. ಹಳೆಯ ಯಂತ್ರವೇ ಏಕೆ, ಅದನ್ನು ಅನುಕರಿಸುವ ತಂತ್ರಾಂಶಗಳು ಹೊಸ ಗಣಕದಲ್ಲಿಯೇ ಓಡುತ್ತವಲ್ಲ ಎಂಬುದು ಮೊದಲ ಆಕ್ಷೇಪ. ಇದು ಬಲವಾದ ಆಕ್ಷೇಪವೇ. ‘ಡಾಸ್‌ಬಾಕ್ಸ್’ನಂಥ ಅನುಕರಣ ತಂತ್ರಾಂಶವು ಹೊಸ ಯಂತ್ರದೊಳಗೆ ಹಳೆಯ ಡಾಸ್ ಗಣಕವೊಂದನ್ನು ಕಲ್ಪಿಸಿಕೊಡುತ್ತದೆ. 1994ರಲ್ಲಿ ಆರಂಭವಾದ ‘ಫ್ರೀಡಾಸ್’ ಎಂಬ ಉಚಿತ ವ್ಯವಸ್ಥೆಯನ್ನು ಇಂದಿಗೂ ಆಸಕ್ತರು ಬೆಳೆಸುತ್ತಿದ್ದಾರೆ. ಸಾಧಾರಣ ಕಡತಗಳಿಗೂ ಪಾಠ ಹೇಳುವುದಕ್ಕೂ ಇವು ಧಾರಾಳವಾಗಿ ಸಾಕು. ಯಾವ ಶಾಲೆಯಲ್ಲಿ ಹಳೆಯ ಕನ್ನಡ ಕಡತಗಳೇ ಇಲ್ಲವೋ ಆ ಶಾಲೆಯು ಹಳೆಯ ಯಂತ್ರಕ್ಕಾಗಿ ಹಣ ವ್ಯಯಿಸಬೇಕಾಗಿಲ್ಲವೆಂದು ಒಪ್ಪಿಕೊಳ್ಳಬೇಕು. ಆದರೆ ಅನುಕರಣಕ್ಕೆ ಎಟುಕದ ಸ್ಥಳಗಳೂ ಇವೆ. ಜಿಸ್ಟ್ ಕಾರ್ಡಿನಂಥ ಹಲಗೆಯನ್ನು ಕೂರಿಸುವ ಸ್ಲಾಟು ಇಂದಿನ ಗಣಕದಲ್ಲಿ ಇಲ್ಲ. ಕೆಲವು ಹಳೆಯ ಕನ್ನಡ ಮುದ್ರಣ ತಂತ್ರಾಂಶಗಳು ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಹೆಬ್ಬೆರಳ ಗಾತ್ರದ ಬೀಗದ ತುಂಡೊಂದು ಇದ್ದರಲ್ಲದೆ ತೆರೆಯುವುದಿಲ್ಲ. ಆ ಕಿಂಡಿಯೂ ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಕ್ಕದು. ಐದೂಕಾಲು ಅಂಗುಲದ ಫ್ಲಾಪಿಯನ್ನು ಓದುವ ಡ್ರೈವನ್ನು ನೇರವಾಗಿ ಜೋಡಿಸಲು ಹಳೆಯ ಯಂತ್ರವೇ ಯೋಗ್ಯ. ಎಲ್ಲಕ್ಕೂ ಮಿಗಿಲಾಗಿ, ಅನುಕರಣವು ಸರಿಯಾಗಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಮೂಲವೊಂದು ಎಲ್ಲಿಯಾದರೂ ನಡೆಯುತ್ತಿರಬೇಕು. ಪ್ರತಿಯು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೂಲಪ್ರತಿಗೆ ಅದು ಪ್ರಮಾಣವಾಗಲಾರದು.

ಹಳೆಯ ವ್ಯವಸ್ಥೆಯು ಅಪಾಯಕಾರಿಯೆಂಬುದು ಎರಡನೆಯ ಆಕ್ಷೇಪ. ಬೆಂಬಲ ನಿಂತ ವ್ಯವಸ್ಥೆಯುಳ್ಳ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿದರೆ ವೈರಸ್ಸುಗಳಿಗೆ ಬಾಗಿಲು ತೆರೆದಿಟ್ಟಂತೆಯೇ ಸರಿ. ಶುಲ್ಕದ ಲೆಕ್ಕ, ವಿದ್ಯಾರ್ಥಿಗಳ ಅಂಕಪಟ್ಟಿ, ಸಂಬಳದ ಕಾಗದಪತ್ರಗಳನ್ನು ಅಂಥ ಯಂತ್ರದ ಮೇಲೆ ನಡೆಸುವುದು ಮಿತವ್ಯಯವಲ್ಲ, ಅವಿವೇಕ. ಇದರ ಪರಿಹಾರವು ಸರಳ: ಹಳೆಯ ಯಂತ್ರವನ್ನು ಜಾಲದಿಂದ ದೂರವಿಡಬೇಕು, ಅದರಿಂದ ಹೊರಬರುವ ಕಡತವನ್ನು ಪರೀಕ್ಷಿಸಿಯೇ ಹೊಸ ಯಂತ್ರಕ್ಕೆ ಸೇರಿಸಬೇಕು. ದಿನದ ಕೆಲಸಕ್ಕೆ ಹೊಸದು, ಮೂಲವನ್ನು ಕಾಣಲು ಹಳೆಯದು ಎಂಬ ವಿಭಾಗವನ್ನು ಮೀರಬಾರದು.

ಇದೆಲ್ಲ ಬರಿಯ ಹಳೆಯದರ ವ್ಯಾಮೋಹವಲ್ಲವೇ ಎಂಬುದು ಮೂರನೆಯ ಆಕ್ಷೇಪ. ಉಗ್ರಾಣದ ಎಲ್ಲ ಯಂತ್ರಗಳನ್ನೂ ಪೂಜಿಸುತ್ತ ಕೂಡಬೇಕೆಂದರೆ ಅದು ವ್ಯಾಮೋಹವೇ ಹೌದು. ಐವತ್ತು ಯಂತ್ರಗಳಿದ್ದಲ್ಲಿ ಎರಡು ಸಾಕು. ಇನ್ನೆರಡನ್ನು ಬಿಡಿಭಾಗಗಳಿಗಾಗಿ ಇರಿಸಿಕೊಳ್ಳಬಹುದು. ಉಳಿದವನ್ನು ಬೀದಿಯ ಗುಜರಿಗೆ ಹಾಕದೆ, 1 ಏಪ್ರಿಲ್ 2023ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ನೋಂದಾಯಿತ ಸಂಸ್ಕರಣಾಗಾರಕ್ಕೆ ಒಪ್ಪಿಸುವುದು ಉಚಿತ. ಹಳೆಯ ಮಾನಿಟರಿನ ಗಾಜಿನಲ್ಲಿ ಸೀಸವಿರುತ್ತದೆಂಬುದನ್ನು ಮರೆಯಬಾರದು. ಆದರೆ ಯಾವುದೇ ಯಂತ್ರವು ಶಾಲೆಯ ಬಾಗಿಲು ದಾಟುವುದಕ್ಕೆ ಮುನ್ನ ಅದರ ಒಡಲಲ್ಲಿ ಏನಿದೆಯೆಂದು ನೋಡಿದ ಮೇಲೆಯೇ ದಾಟಬೇಕು.

ಒಡಲಲ್ಲಿ ಏನಿರಬಹುದು? ಡಿ.ಟಿ.ಪಿ. ಬಂದ ಮೊದಲ ವರ್ಷಗಳ ವಾರ್ಷಿಕ ಸಂಚಿಕೆಗಳ ಮೂಲ ಕಡತಗಳಿರಬಹುದು. ಆ ಸಂಚಿಕೆಗಳ ಅಚ್ಚಾದ ಪ್ರತಿಗಳು ಗೆದ್ದಲಿಗೂ ಮಳೆಗಾಲದ ತೇವಕ್ಕೂ ತುತ್ತಾಗಿ ಎಷ್ಟು ಉಳಿದಿವೆಯೋ ಹೇಳಲಾಗದು. ಅಚ್ಚಿಗೆ ಬಾರದೆ ಉಳಿದ ಲೇಖನಗಳಿರಬಹುದು. ನಿವೃತ್ತರಾಗಿ ಸ್ವರ್ಗಸ್ಥರಾದ ಗುರುಗಳು ಸಿದ್ಧಪಡಿಸಿದ ಛಂದಸ್ಸಿನ ಟಿಪ್ಪಣಿ, ಅಲಂಕಾರದ ಪ್ರಶ್ನಪತ್ರಿಕೆಗಳಿರಬಹುದು. ಇಂದು ದೂರದೇಶದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿಯು ಒಂಬತ್ತನೆಯ ಇಯತ್ತೆಯಲ್ಲಿ ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದ ಮೊದಲ ಕನ್ನಡ ಕವಿತೆಯಿರಬಹುದು. ಅನ್ನದಾಸೋಹಕ್ಕೆ ಜೋಳ ಕೊಟ್ಟ ಹಳ್ಳಿಗಳ, ಕೊಠಡಿ ಕಟ್ಟಿಸಿದ ಮನೆತನಗಳ ಯಾದಿಯಿರಬಹುದು. ಇವೆಲ್ಲವೂ ಇವೆಯೆಂದಾಗಲಿ ಇಲ್ಲವೆಂದಾಗಲಿ ತೆರೆಯದೆ ಹೇಳುವವರಾರು? ಶಾಲೆಯ ಚರಿತ್ರೆಯು ಫಲಕದ ಮೇಲಿನ ಹೆಸರುಗಳಿಂದ ಮಾತ್ರ ಆಗುವುದಿಲ್ಲ. ಇಂಥ ಸಣ್ಣ ಬರಹಗಳಿಂದಲೂ ಆಗುತ್ತದೆ.

ಇನ್ನೊಂದು ಪ್ರಯೋಜನವು ಬೋಧನೆಗೆ ಸಂಬಂಧಿಸಿದ್ದು. ಇಂದಿನ ಗಣಕವು ಚಿತ್ರಗಳ ಮರೆಯಲ್ಲಿ ತನ್ನ ಕೆಲಸವನ್ನು ಅಡಗಿಸಿಡುತ್ತದೆ; ಬೆರಳಿಟ್ಟರೆ ಆಯಿತು, ಆದದ್ದು ಹೇಗೆಂದು ಹುಡುಗನಿಗೆ ತಿಳಿಯದು. ಡಾಸ್ ವ್ಯವಸ್ಥೆಯಲ್ಲಿ ಮರೆಯೆಂಬುದಿಲ್ಲ. ಕರಿಯ ಪರದೆಯ ಮೇಲೆ ಒಂದು ಆಜ್ಞೆ, ಅದಕ್ಕೊಂದು ಉತ್ತರ. ಆಜ್ಞೆಯಲ್ಲಿ ಒಂದು ಬಿಂದು ತಪ್ಪಿದರೆ ಕೆಲಸ ನಡೆಯದು. ಸೂತ್ರದಲ್ಲಿ ಅರ್ಧಮಾತ್ರೆಯ ಲಾಘವವನ್ನು ಪುತ್ರೋತ್ಸವದಂತೆ ಎಣಿಸಿದ ವೈಯಾಕರಣರ ಶಿಸ್ತಿಗೂ, 640 ಕಿಲೋಬೈಟಿನ ಇಕ್ಕಟ್ಟಿನಲ್ಲಿ ಸಂಸಾರ ಹೂಡಿದ ಆ ಕಾಲದ ತಂತ್ರಜ್ಞರ ಶಿಸ್ತಿಗೂ ಒಂದು ಸಾಮ್ಯವುಂಟು. ಯಂತ್ರದ ಪೆಟ್ಟಿಗೆಯನ್ನು ಬಿಚ್ಚಿದರೆ ನೆನಪಿನ ಪಟ್ಟಿ ಇದು, ವಿದ್ಯುತ್ತಿನ ಪೆಟ್ಟಿಗೆ ಇದು, ಡಿಸ್ಕು ಇದು ಎಂದು ಬೆರಳಿಟ್ಟು ತೋರಿಸಬಹುದು. ಅದರ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿಯೇ ಇದ್ದುದು ಒಂದು ಕೊರತೆಯೇ. ಆದರೆ ಆ ಕೊರತೆಯನ್ನು ಕಂಡ ವಿದ್ಯಾರ್ಥಿಗೆ, ಕನ್ನಡವು ಗಣಕದೊಳಗೆ ಬರಲು ಎಷ್ಟು ಜನರ ಶ್ರಮ ಬೇಕಾಯಿತೆಂಬುದು, ಇಂದು ರಾಜ್ಯದಾದ್ಯಂತ ಬಳಕೆಯಲ್ಲಿರುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರಂಥವರ ಸಾಧನೆಯ ತೂಕವೆಷ್ಟೆಂಬುದು ಉಪನ್ಯಾಸವಿಲ್ಲದೆಯೇ ಮನವರಿಕೆಯಾಗುತ್ತದೆ.

ಉಳಿಸುವ ಕ್ರಮವನ್ನೂ ಸಂಕ್ಷೇಪವಾಗಿ ಹೇಳಬೇಕು; ಅವಸರವು ಇಲ್ಲಿ ದೊಡ್ಡ ಶತ್ರು. ವರ್ಷಗಟ್ಟಲೆ ಮಲಗಿದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಹರಿಸಬಾರದು. ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯಬೇಕು. ಒಳಹಲಗೆಯ ಮೇಲಿನ ಸಣ್ಣ ಬ್ಯಾಟರಿಯು ಸೋರಿದ್ದರೆ ಸುತ್ತಣ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅದನ್ನು ಮೊದಲು ತೆಗೆಯಬೇಕು. ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಬದಲಿಸಬೇಕು. ಮಾನಿಟರಿನ ಒಳಗೆ ಅಧಿಕ ವಿದ್ಯುದೊತ್ತಡವು ಆರಿಸಿದ ಮೇಲೂ ಉಳಿದಿರುತ್ತದಾದ್ದರಿಂದ ಅದನ್ನು ಬಲ್ಲವನಲ್ಲದೆ ಬೇರೆಯವರು ಬಿಚ್ಚಕೂಡದು. ಯಂತ್ರವು ನಡೆದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಡಿಸ್ಕಿನ ಸಮಗ್ರ ಪ್ರತಿಯನ್ನು ತೆಗೆಯುವುದು. ನೋಡುವುದು, ತೋರಿಸುವುದು ಆಮೇಲಿನ ಮಾತು. ಫ್ಲಾಪಿಗಳ ವಿಷಯದಲ್ಲಿ ಧಾರವಾಡದ ಮಳೆಗಾಲವು ಕರುಣೆಯಿಲ್ಲದ್ದು. ಬೂಷ್ಟು ಹಿಡಿದ ತಟ್ಟೆಯನ್ನು ಡ್ರೈವಿಗೆ ಹಾಕಿದರೆ ತಟ್ಟೆಯೂ ಕೆಡುತ್ತದೆ, ಡ್ರೈವೂ ಕೆಡುತ್ತದೆ. ಹಾಕುವ ಮುನ್ನ ಬರೆಯದಂತೆ ತಡೆಯುವ ಕಿಂಡಿಯನ್ನು ಸರಿಪಡಿಸಿಕೊಳ್ಳಬೇಕು. ದೊಡ್ಡ ತಯಾರಕರಲ್ಲೊಂದಾದ ಸೋನಿ ಸಂಸ್ಥೆಯು 2011ರಲ್ಲಿಯೇ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿತು. ಉಳಿದಿರುವ ತಟ್ಟೆಗಳು ವರ್ಷ ವರ್ಷಕ್ಕೂ ಕ್ಷಯಿಸುತ್ತಿವೆ. ಇನ್ನು ಹತ್ತು ವರ್ಷ ಬಿಟ್ಟು ನೋಡೋಣವೆಂಬ ಮಾತು ಓಲೆಗರಿಗೆ ಸಲ್ಲಬಹುದು, ಫ್ಲಾಪಿಗೆ ಸಲ್ಲದು.

ಹೀಗೆ ಹೊರಬಂದ ಬರಹವನ್ನು ಮೂರು ರೂಪದಲ್ಲಿ ಇಡುವುದು ಲೇಸು: ಮೂಲ ಕಡತವನ್ನು ಒಂದಕ್ಷರವೂ ಬದಲಿಸದೆ, ಯೂನಿಕೋಡಿಗೆ ತಿದ್ದಿ ತಂದ ಪಾಠವನ್ನು ಪ್ರತ್ಯೇಕವಾಗಿ, ಮುಖ್ಯವಾದುದನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿ. ಜೊತೆಗೆ ಒಂದು ದಫ್ತರು ಬೇಕು: ಯಾವ ಯಂತ್ರ, ಯಾವ ವ್ಯವಸ್ಥೆಯ ಯಾವ ಆವೃತ್ತಿ, ಯಾವ ಅಕ್ಷರವಿನ್ಯಾಸ, ಯಾರು ಬಳಸಿದ್ದು, ಹೇಗೆ ತೆರೆಯುವುದು. ಪರಿವರ್ತಿತ ಪಾಠವನ್ನು ಹಳೆಯ ಪರದೆಯೊಡನೆ ಸಾಲು ಸಾಲಾಗಿ ಹೋಲಿಸುವ ಕೆಲಸವು ಕನ್ನಡ ಅಧ್ಯಾಪಕರದು; ಯಂತ್ರವನ್ನು ನಡೆಸುವ ಕೆಲಸವು ತಂತ್ರವನ್ನು ಬಲ್ಲವರದು. ಹುಬ್ಬಳ್ಳಿಯಲ್ಲಿ 1947ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು; ಧಾರವಾಡಕ್ಕೆ 2016ರಲ್ಲಿ ಐ.ಐ.ಟಿ.ಯೂ ಬಂದಿತು. ಈ ಅವಳಿನಗರದಲ್ಲಿ ಅಂಥ ಕೈಗಳಿಗೆ ಬರವಿಲ್ಲ, ಕರೆಯುವವರು ಬೇಕು. ಇನ್ನೂ ಮುಖ್ಯವಾದುದು, ಆ ಯಂತ್ರಗಳನ್ನು ಅಂದು ನಡೆಸಿದ ಅಧ್ಯಾಪಕರೂ ಗುಮಾಸ್ತರೂ ಇಂದು ನಿವೃತ್ತಿಯ ಅಂಚಿನಲ್ಲಿದ್ದಾರೆ. ಯಾವ ಗುಪ್ತಪದ, ಯಾವ ಆಜ್ಞೆ ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಆ ವಿದ್ಯೆಯು ಗುರುಮುಖದಿಂದ ಶಿಷ್ಯನಿಗೆ ಈಗಲೇ ದಾಟಬೇಕು.

ದಾನಿಗಳ ವಿಷಯದಲ್ಲಿ ಒಂದು ಮಾತು. ಹೊಸ ಗಣಕಗಳನ್ನು ಕೊಟ್ಟವರ ಹೆಸರು ಕೊಠಡಿಯ ಬಾಗಿಲ ಮೇಲೆ ಬರುತ್ತದೆ, ಬರಬೇಕಾದುದೇ ನ್ಯಾಯ. ಆದರೆ ಕರ್ನಾಟಕದ ಶಾಸನಗಳನ್ನು ಓದಿದವರು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತನ್ನು ಮತ್ತೆ ಮತ್ತೆ ಕಂಡಿದ್ದಾರೆ. ಒಡೆದುದನ್ನು, ಬಿರಿದುದನ್ನು, ಜೀರ್ಣವಾದುದನ್ನು ಸರಿಪಡಿಸಲೆಂದೇ ಅರಸರೂ ಸಾಮಂತರೂ ವರ್ತಕರೂ ಭೂಮಿಯನ್ನೂ ಹೊನ್ನನ್ನೂ ಬಿಟ್ಟರು. ಕಟ್ಟಿಸುವ ಪುಣ್ಯಕ್ಕೆ ಉಳಿಸುವ ಪುಣ್ಯವು ಕಡಿಮೆಯದೆಂದು ಅವರು ಬಗೆಯಲಿಲ್ಲ. ಹೊಸ ಗಣಕಗಳಿಗೆ ಕೊಡುವ ದತ್ತಿಯಲ್ಲಿ ಒಂದು ಸಣ್ಣ ಅಂಶವನ್ನು ಹಳೆಯದರ ಜೀರ್ಣೋದ್ಧಾರಕ್ಕೆಂದು ತೆಗೆದಿರಿಸಿದರೆ ಆ ಶಾಸನಗಳ ಪರಂಪರೆಯೇ ಮುಂದುವರಿದಂತಾಗುತ್ತದೆ. ಬೇಕಾದುದು ಹೆಚ್ಚೇನಲ್ಲ: ತೇವವಿಲ್ಲದ ಒಂದು ಕೋಣೆ, ಎರಡು ಮೇಜು, ಬಿಡಿಭಾಗಗಳ ಖರ್ಚು, ತಿಂಗಳಿಗೊಮ್ಮೆ ಯಂತ್ರವನ್ನು ನಡೆಸಿ ನೋಡುವ ಒಬ್ಬನ ಶ್ರದ್ಧೆ. ಹಳೆಯ ವಿದ್ಯಾರ್ಥಿಗಳು ಹಣವನ್ನೇ ಕೊಡಬೇಕೆಂದಿಲ್ಲ. ತಮ್ಮ ಮನೆಯ ಅಟ್ಟದ ಮೇಲಿನ ಫ್ಲಾಪಿ ಡ್ರೈವು, ಕೀಲಿಮಣೆ, ಹಳೆಯ ತಂತ್ರಾಂಶದ ತಟ್ಟೆ, ಅದರ ಕೈಪಿಡಿ, ಶಾಲೆಯ ಕಾಲದ ಒಂದು ಕಡತ – ಇವನ್ನು ತಂದೊಪ್ಪಿಸಿದರೂ ಅದು ದೊಡ್ಡ ದಾನವೇ.

ಬೇಸಿಗೆಯ ರಜೆಗೆ ಉಗ್ರಾಣಗಳನ್ನು ಗುಡಿಸುವುದು ಶಾಲೆಗಳ ವಾಡಿಕೆ. ಮುಂದಿನ ರಜೆಯಲ್ಲಿ ಗುಡಿಸುವುದಕ್ಕೆ ಮುನ್ನ ಒಬ್ಬ ಕನ್ನಡ ಅಧ್ಯಾಪಕರೂ ಗಣಕವನ್ನು ಬಲ್ಲ ಒಬ್ಬ ಹಳೆಯ ವಿದ್ಯಾರ್ಥಿಯೂ ಜೊತೆಯಾಗಿ ಒಂದು ದಿನ ಆ ಕೋಣೆಯಲ್ಲಿ ಕಳೆಯಲಿ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಕ್ಕಡಿಯಲ್ಲ, ಅವರು ನಿರ್ಣಯಿಸಲಿ. ಕರಿಯ ಪರದೆಯ ಮೇಲೆ, ಇಪ್ಪತ್ತೈದು ವರ್ಷಗಳ ಹಿಂದೆ ಯಾರೋ ಒತ್ತಿದ ಒಂದು ಕನ್ನಡ ಸಾಲು, ಅರ್ಕಾವೊತ್ತು ಇದ್ದಲ್ಲಿಯೇ ಇದ್ದು ಮತ್ತೆ ಮೂಡಿದರೆ, ಆ ಒಂದು ದಿನದ ಕಾಯಕವು ಸಾರ್ಥಕವಾಯಿತೆಂದೇ ತಿಳಿಯಬೇಕು.